35ರ ಲೆಕ್ಕ: ಅಹಮದಾಬಾದಿನ ದಿನಸಿ ಚೀಟಿಯ ಚರಿತ್ರೆ

ನನ್ನ ದಿನಸಿ ಪುಸ್ತಕದಲ್ಲಿ ಪ್ರತಿ ತಿಂಗಳ ಪುಟದ ಮೇಲೂ ಒಂದೇ ಸಂಖ್ಯೆ ಇದೆ: 9,000. ಬೋಡಕ್‌ದೇವ್‌ನ ಅಪಾರ್ಟ್‌ಮೆಂಟಿನಲ್ಲಿ ಇಬ್ಬರ ಸಂಸಾರ; ಹಾಲು, ತರಕಾರಿ ಬೇರೆ ಲೆಕ್ಕ. ನಾಲ್ಕು ವರ್ಷದಿಂದ ಆ ಗೆರೆ ದಾಟಿಲ್ಲ ಎಂಬ ಹೆಮ್ಮೆ ನನಗಿತ್ತು. ಕಳೆದ ತಿಂಗಳು ಹಳೆಯ ಪುಟಗಳನ್ನು ತಿರುವಿದಾಗ ಹೆಮ್ಮೆ ಇಳಿಯಿತು. ಮೊದಲ ಪುಟಗಳಲ್ಲಿದ್ದ ಶೇಂಗಾ ಎಣ್ಣೆಯ ಜಾಗಕ್ಕೆ ಹತ್ತಿಬೀಜದ ಎಣ್ಣೆ ಬಂದು ಕೂತಿದೆ. ಮೂರು ಕಿಲೋ ತೊಗರಿಬೇಳೆ ಎರಡಾಗಿದೆ. ಗೋಡಂಬಿ ಯಾವಾಗಲೋ ಸದ್ದಿಲ್ಲದೆ ಹೋಗಿದೆ. ಸಂಖ್ಯೆ ನಿಂತಲ್ಲೇ ನಿಂತಿತ್ತು, ಕುಗ್ಗಿದ್ದು ಚೀಲ.

ಕೆಳಗಿನ ಅಂಗಡಿಯವರು ದಿನಸಿಗೆ ‘ಕರಿಯಾಣು’ ಅನ್ನುತ್ತಾರೆ, ನಮ್ಮ ‘ಕಿರಾಣಿ’ಯ ಒಡಹುಟ್ಟು. ‘ದಿನಸಿ’ ಎಂಬುದು ‘ಜಿನಸು’, ಅರಬ್ಬಿಯಿಂದ ಬಂದದ್ದು. ‘ಬಜೆಟ್’ ಅಂದರೆ ಮೂಲದಲ್ಲಿ ಹಳೆಯ ಫ್ರೆಂಚಿನ ಸಣ್ಣ ತೊಗಲಿನ ಚೀಲ. ಚೀಲ ಎಷ್ಟಿದೆಯೋ ಅಷ್ಟೇ ತುಂಬು ಎಂಬ ಬುದ್ಧಿ ಆ ಪದದಲ್ಲೇ ಇದೆ ಅನ್ನಿಸುತ್ತದೆ. (ಪದದ ಮೂಲ ಹುಡುಕಿದರೆ ಬಿಲ್ಲು ಕಡಿಮೆಯಾಗುವುದಿಲ್ಲ. ಭಾಷಾಶಾಸ್ತ್ರದ ಎಂ.ಎ. ಪಡೆದವಳಿಗೆ ಇದನ್ನು ಹೇಳಿದರೂ ಪ್ರಯೋಜನವಿಲ್ಲ.)

ಆದರೆ ಇದೇ ಊರಿನಲ್ಲಿ, ನೂರು ವರ್ಷಗಳ ಹಿಂದೆ, ಜನ ಈ ಲೆಕ್ಕವನ್ನು ತಿರುಗಿಸಿ ಹಾಕಿದ್ದರು.

1917ರಲ್ಲಿ ಅಹಮದಾಬಾದಿಗೆ ಪ್ಲೇಗ್ ಬಂತು. ಕೂಲಿಗಳು ಊರು ಬಿಟ್ಟು ಓಡದಿರಲೆಂದು ಗಿರಣಿ ಮಾಲೀಕರು ‘ಪ್ಲೇಗ್ ಬೋನಸ್’ ಕೊಟ್ಟರು. ಕೆಲವರಿಗೆ ಅದು ಸಂಬಳದ 70–80% ಮುಟ್ಟುತ್ತಿತ್ತು. ಪ್ಲೇಗ್ ಇಳಿಯಿತು, ಮಾಲೀಕರು ಬೋನಸ್ ನಿಲ್ಲಿಸಲು ಹೊರಟರು. ಮಹಾಯುದ್ಧ ಏರಿಸಿದ ಬೆಲೆಗಳು ಮಾತ್ರ ಇಳಿದಿರಲಿಲ್ಲ. ಬೋನಸ್ ಎಂಬ ಹೆಸರಿನ ಆ ಹಣ ಅಷ್ಟರಲ್ಲಾಗಲೇ ಕಾಳು, ಎಣ್ಣೆ, ಬಟ್ಟೆಗೆ ಹೋಗುತ್ತಿತ್ತು. ನೇಕಾರರು 50% ಹೆಚ್ಚಳ ಕೇಳಿದರು, ಮಾಲೀಕರು 20% ಅಂದರು. ಗಾಂಧಿ ಮತ್ತು ಜೊತೆಗಾರರು ಊರಿನ ಬೆಲೆಗಳನ್ನೂ ಮುಂಬಯಿಯ ಕೂಲಿಯನ್ನೂ ವಿಚಾರಿಸಿ 35% ನ್ಯಾಯ ಎಂದು ಗೊತ್ತುಮಾಡಿದರು. 20 ಮತ್ತು 50ರ ಸರಿಯಾದ ನಡು 35 ಎಂಬುದನ್ನು ಗಮನಿಸಿದರೆ ಅದರಲ್ಲಿ ಎಷ್ಟು ವಿಚಾರಣೆ, ಎಷ್ಟು ಚೌಕಾಸಿ ಎಂದು ನನಗೆ ಸಣ್ಣ ಅನುಮಾನವಿದೆ. ಇರಲಿ. ಸಂಖ್ಯೆ ಹುಟ್ಟಿದ್ದು ಮನೆಯ ಖರ್ಚಿನ ಕಡೆಯಿಂದ, ಅದು ಮುಖ್ಯ.

1918ರ ಫೆಬ್ರವರಿ 22ರಂದು ಗಿರಣಿಗಳ ಬಾಗಿಲು ಮುಚ್ಚಿತು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ, ಕೂಲಿಗಳ ಕಡೆ ಅವರ ಅಕ್ಕ ಅನಸೂಯಾ. ಸಾಬರಮತಿಯ ದಂಡೆಯ ಜಾಲಿಮರದ ಕೆಳಗೆ ದಿನವೂ ಸಭೆ. ಮೂರನೆಯ ವಾರಕ್ಕೆ ಮನೆಗಳಲ್ಲಿ ಹಿಟ್ಟು ಮುಗಿಯತೊಡಗಿತು. ಆಗ ಒಂದು ಚಾಳಿನಲ್ಲಿ ಕೇಳಿಬಂದ ಮಾತು ಗಾಂಧಿಯ ಕಿವಿಗೂ ಬಿತ್ತು: ಅನಸೂಯಾಬೆನ್‌ಗೂ ಗಾಂಧಿಗೂ ಏನು, ಮೋಟಾರಿನಲ್ಲಿ ಬರುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ, ಸಾಯುವವರು ನಾವು. ಮಾರ್ಚ್ 15ರಂದು ಗಾಂಧಿ ಉಪವಾಸ ಕೂತರು. ಮಹಾದೇವ ದೇಸಾಯಿ ಈ ಹೋರಾಟದ ಕಥೆಯನ್ನು ಗುಜರಾತಿಯಲ್ಲಿ ‘ಏಕ್ ಧರ್ಮಯುದ್ಧ’ ಎಂದು ಬರೆದರು. ಶೀರ್ಷಿಕೆಯಲ್ಲಿ ಧರ್ಮವಿದೆ, ಒಳಗಿನ ತಿರುವು ಮಾತ್ರ ಖಾಲಿ ಹಿಟ್ಟಿನ ಡಬ್ಬಿಯದು ಎಂದೇ ನಾನು ಓದಿಕೊಂಡಿದ್ದೇನೆ.

18ರಂದು ಆದ ರಾಜಿ ವಿಚಿತ್ರವಾಗಿತ್ತು. ಮೊದಲ ದಿನ 35%, ಏಕೆಂದರೆ ಕೂಲಿಗಳ ಪ್ರತಿಜ್ಞೆ ಉಳಿಯಬೇಕು. ಎರಡನೆಯ ದಿನ 20%, ಮಾಲೀಕರ ಮಾತೂ ಉಳಿಯಬೇಕು. ಮೂರನೆಯ ದಿನದಿಂದ ಪಂಚರ ತೀರ್ಪಿನವರೆಗೆ 27.5%. ಪಂಚರಾಗಿದ್ದ ಆನಂದಶಂಕರ ಧ್ರುವ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟರು: 35%. ಎರಡು ವರ್ಷಕ್ಕೆ ‘ಮಜೂರ್ ಮಹಾಜನ್’ ಸಂಘ ಹುಟ್ಟಿತು.

ಆಮೇಲೆ ನಡೆದದ್ದು ಸಪ್ಪೆ ಕಾಗದದ ಕೆಲಸ. ನನಗೆ ಹೆಚ್ಚು ಇಷ್ಟವಾದ ಭಾಗವೂ ಅದೇ. 1921ರಲ್ಲಿ ಮುಂಬಯಿ ಸರ್ಕಾರ ಕಾರ್ಮಿಕ ಕಚೇರಿ ತೆರೆಯಿತು. 1926ರ ಹೊತ್ತಿಗೆ ಅದರ ಜನ ಅಹಮದಾಬಾದಿನ ಕಾರ್ಮಿಕರ ಮನೆಗಳ ಖರ್ಚನ್ನು ಕೇಳಿ ಬರೆದುಕೊಳ್ಳುತ್ತಿದ್ದರು: ಗೋಧಿ, ಸಜ್ಜೆ, ಬೇಳೆ, ಎಣ್ಣೆ, ಬೆಲ್ಲ, ಸೌದೆ, ಬಾಡಿಗೆ, ಎಲ್ಲ. ಆ ಪಟ್ಟಿಗಳಿಂದ ಒಂದು ಸರಾಸರಿ ಬುಟ್ಟಿ ಕಟ್ಟಿ, 1926ರ ಆಗಸ್ಟ್‌ನಿಂದ 1927ರ ಜುಲೈವರೆಗಿನ ಅದರ ಬೆಲೆಯನ್ನು 100 ಎಂದು ಇಟ್ಟರು. ಕನ್ನಡದ ಮನೆಗಳೂ ಇದ್ದ ಗಿರಣಿ ಊರು ಸೊಲ್ಲಾಪುರಕ್ಕೂ ಇಂಥದೇ ಸೂಚ್ಯಂಕ ಬಂತು. ಎರಡನೆಯ ಮಹಾಯುದ್ಧದಲ್ಲಿ ಬೆಲೆಗಳು ಮತ್ತೆ ಹಾರಿದಾಗ ಅಹಮದಾಬಾದಿನ ಗಿರಣಿಗಳ ತುಟ್ಟಿಭತ್ಯೆಯನ್ನು ಈ ಸೂಚ್ಯಂಕಕ್ಕೇ ಕಟ್ಟಿದರು.

ಅದರ ಕೆಲಸದ ರೀತಿ ನೋಡಿ. ನಾನು ರೊಕ್ಕವನ್ನು ಗಟ್ಟಿ ಹಿಡಿದು ಬುಟ್ಟಿಯನ್ನು ಕುಗ್ಗಿಸುತ್ತೇನೆ. ಸೂಚ್ಯಂಕ ಬುಟ್ಟಿಯನ್ನು ಗಟ್ಟಿ ಹಿಡಿದು ರೊಕ್ಕ ಎಷ್ಟು ಬೆಳೆಯಬೇಕು ಎಂದು ಕೇಳುತ್ತದೆ. ಸರ್ಕಾರಿ ನೌಕರರ ಡಿಎ ಇವತ್ತಿಗೂ ನಿಂತಿರುವುದು ಇದರ ಮೊಮ್ಮಗನ ಮೇಲೆ, ಅಂದರೆ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಮೇಲೆ. 2001ರ ಬುಟ್ಟಿಯಲ್ಲಿ ಊಟ, ಪಾನೀಯದ ತೂಕ 46.20 ಇತ್ತು, 2016ರ ಬುಟ್ಟಿಯಲ್ಲಿ 39.17.

ಹಾಗೆಯೇ ‘ತಿಂಗಳು’ ಎಂಬ ಅಳತೆಯೂ ಸಂಬಳದ ಕೂಸು. ಇಲ್ಲಿನ ಗಿರಣಿಗಳಲ್ಲಿ ಪಗಾರ ಸುಮಾರು ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಅದಕ್ಕೆ ‘ಹಪ್ತಾ’ ಎಂದು ಹೆಸರು, ಫಾರಸಿಯಲ್ಲಿ ಅದರ ಅರ್ಥ ವಾರವಾದರೂ! ಅಂಗಡಿಯ ಉದ್ರಿ ಚುಕ್ತಾ ಆಗಬೇಕಾದದ್ದೂ ಆ ಹಪ್ತಾದಲ್ಲೇ.

ಸೂಚ್ಯಂಕದ ಆಸರೆ ಇಲ್ಲದವರು ಏನು ಮಾಡುತ್ತಾರೆ? ನಮ್ಮ ಮನೆಯಿಂದ ಕೆಲವೇ ಕಿಲೋಮೀಟರ್ ದೂರದ ಎಲ್.ಡಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ 1973ರ ಡಿಸೆಂಬರ್‌ನಲ್ಲಿ ಹಾಸ್ಟೆಲ್ ಮೆಸ್ಸಿನ ಬಿಲ್ಲು 20% ಏರಿತು. ಹುಡುಗರು 20ನೇ ತಾರೀಖು ಮುಷ್ಕರ ಹೂಡಿದರು. ಶೇಂಗಾ ಎಣ್ಣೆಯ ಬೆಲೆಯಿಂದ ಬೆಂದಿದ್ದ ಮಧ್ಯಮ ವರ್ಗ ಜೊತೆಗೂಡಿತು, ಹೆಂಗಸರು ತಟ್ಟೆ ಬಡಿದು ಬೀದಿಗಿಳಿದರು. ಅದೇ ನವನಿರ್ಮಾಣ ಚಳವಳಿ. 1974ರ ಫೆಬ್ರವರಿ 9ರಂದು ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಟ್ಟರು, ಮಾರ್ಚ್‌ನಲ್ಲಿ ವಿಧಾನಸಭೆಯೇ ವಿಸರ್ಜನೆಯಾಯಿತು. 15 ಕಿಲೋ ಶೇಂಗಾ ಎಣ್ಣೆ ಡಬ್ಬದ ದರ ಇಲ್ಲಿ ಇಂದಿಗೂ ಪತ್ರಿಕೆಯ ಸುದ್ದಿ.

ನನಗೆ ಹತ್ತಿರವಾದ ಕಥೆ ಬೇರೆ. ಮಜೂರ್ ಮಹಾಜನ್‌ನ ಮಹಿಳಾ ವಿಭಾಗದಿಂದ ಇಳಾ ಭಟ್ಟರ ಮುಂದಾಳತ್ವದಲ್ಲಿ 1972ರಲ್ಲಿ ‘ಸೇವಾ’ ಹುಟ್ಟಿತು. ಗಿರಣಿಯ ಚಿಂದಿಯಿಂದ ರಜಾಯಿ ಹೊದಿಕೆ ಹೊಲಿಯುವವರು, ಬೀಡಿ ಕಟ್ಟುವವರು, ತಲೆಹೊರೆಯವರು ಅದರಲ್ಲಿ ಸೇರಿದರು. ಇವರಿಗೆ ಮಾಲೀಕನೇ ಇಲ್ಲವಲ್ಲ, ಯಾರ ವಿರುದ್ಧ ಸಂಘ ಎಂದು ಕಾರ್ಮಿಕ ಇಲಾಖೆ ನೋಂದಣಿಗೆ ತಕರಾರು ತೆಗೆದಿತ್ತು. ಹೊದಿಕೆ ಒಂದಕ್ಕೆ ಇಷ್ಟು, ಸಾವಿರ ಬೀಡಿಗೆ ಇಷ್ಟು ಎಂದು ಎಣಿಸಿ ಕೊಡುವ ಕೂಲಿಗೆ ತುಟ್ಟಿಭತ್ಯೆ ಎಲ್ಲಿಂದ ಬರಬೇಕು?

ನಾನೂ ಪದಕ್ಕೆ ಇಷ್ಟು ಎಂದು ಎಣಿಸಿಕೊಳ್ಳುವವಳು. ಹೆಚ್ಚು ಕೆಲಸ ಕೊಡುವ ಸಂಸ್ಥೆಯ ದರ 2019ರಿಂದ ಪದಕ್ಕೆ 1 ರೂಪಾಯಿ 20 ಪೈಸೆಯಲ್ಲೇ ನಿಂತಿದೆ. ನನ್ನ 9,000 ಯಾಕೆ ಅಲುಗಾಡಲಿಲ್ಲ ಎಂಬುದಕ್ಕೆ ಉತ್ತರ ಅಡುಗೆಮನೆಯಲ್ಲಿ ಇರಲಿಲ್ಲ. ಕಳೆದ ವಾರ ಮೊದಲ ವರ್ಷದ ಚೀಟಿಯನ್ನು ಅಂಗಡಿಗೆ ಒಯ್ದು, ಅದೇ ಸಾಮಾನು, ಅದೇ ತೂಕ, ಶೇಂಗಾ ಎಣ್ಣೆ ಸಮೇತ, ಇವತ್ತಿನ ದರದಲ್ಲಿ ಕೂಡಿಸಿಕೊಡಿ ಅಂದೆ. ಅಂಗಡಿಯ ಕಾಕಾ ಕನ್ನಡಕ ಏರಿಸಿ ನೋಡಿ ಕೂಡಿಸಿಕೊಟ್ಟರು: 12,340. ಮೇಲ್ ಬರೆಯಲು ಕೂತು ಮೊದಲು 20% ಎಂದು ಟೈಪ್ ಮಾಡಿದೆ. ಅಳಿಸಿ 35 ಎಂದು ಬರೆದು, ಅಂಗಡಿಯ ಚೀಟಿಯ ಫೋಟೋ ಲಗತ್ತಿಸಿದೆ. ಉತ್ತರ ಇನ್ನೂ ಬಂದಿಲ್ಲ.

ಈ ನಡುವೆ ಏಪ್ರಿಲ್ ಬಂದಿದೆ, ಇಲ್ಲಿ ವರ್ಷದ ಗೋಧಿ ಕೊಳ್ಳುವ ಕಾಲ. ಪಕ್ಕದ ಮನೆಯ ಬಾ ತಮ್ಮ ಜೊತೆ ನನಗೂ ಎರಡು ಮೂಟೆ ಲೋಕ್-1 ಹೇಳಿಬಿಟ್ಟಿದ್ದಾರೆ. ತಿಂಗಳ ಲೆಕ್ಕ ಕೆಡುತ್ತದೆ ಬಾ ಅಂದರೆ, ‘ತಿಂಗಳಿಗೆ ಯಾರಮ್ಮ ಗೋಧಿ ತರುತ್ತಾರೆ?’ ಎಂದು ಕೇಳಿದರು. ಈಗ ಅವರ ವರಾಂಡದಲ್ಲಿ ಚಾದರ ಹಾಸಿ ಕೂತಿದ್ದೇವೆ. ಹುಳ ಬೀಳದ ಹಾಗೆ ಕಾಳಿಗೆ ಹರಳೆಣ್ಣೆ ಸವರಬೇಕು, ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಫೋನ್ ಸದ್ದು ಮಾಡಿದರೂ ಈ ಕೈಯಲ್ಲಿ ಮುಟ್ಟುವ ಹಾಗಿಲ್ಲ.