ಎಂಜಿನ್ ಕುಡಿದ ಎಣ್ಣೆಯ ಲೆಕ್ಕ



ನಮ್ಮ ಬೆಳಗಾವಿಯ ಗ್ಯಾರೇಜುಗಳಲ್ಲಿ "ಗಾಡಿ ಆಯಿಲ್ ಕುಡೀತದ" ಎಂಬ ಮಾತು ಬಲು ಹಳೆಯದು. ಕುಡುಕನ ವಿಷಯದಲ್ಲಿ ಆಡುವಂತೆಯೇ ಈ ಮಾತನ್ನೂ ತುಸು ದನಿ ತಗ್ಗಿಸಿ ಆಡುವುದು ವಾಡಿಕೆ. ಕಳೆದ ಮಳೆಗಾಲದ ನಂತರ ಖಾನಾಪುರ ತಾಲೂಕಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇಂಥದೇ ಒಂದು ದೂರನ್ನು ಹೊತ್ತು ಮನೆಗೆ ಬಂದಿದ್ದನು. ಹಲವು ವರ್ಷಗಳ ಉಳಿತಾಯದಿಂದ ಎರಡು ಆಸನಗಳ ವಿದೇಶೀ ಸ್ಪೋರ್ಟ್ಸ್ ಕಾರೊಂದನ್ನು ಎರಡನೆಯ ಕೈಯಿಂದ ಕೊಂಡಿದ್ದಾನೆ. ಅದು ಸಾವಿರ ಕಿಲೋಮೀಟರಿಗೆ ಲೀಟರಿಗೂ ಮಿಕ್ಕಿ ಆಯಿಲ್ ಬೇಡುತ್ತಿತ್ತು. ಪರಊರಿನ ಒಂದು ದೊಡ್ಡ ವರ್ಕ್‌ಶಾಪಿನವರು ಎಂಜಿನನ್ನೇ ಬದಲಿಸಬೇಕೆಂದು ಹೇಳಿ, ಕಾರಿನ ಬೆಲೆಯ ಅರ್ಧಕ್ಕೂ ಮೀರಿದ ಖರ್ಚಿನ ಅಂದಾಜು ಕೊಟ್ಟಿದ್ದರು. ಗೆಳೆಯರ ಸಲಹೆ ಇನ್ನೊಂದು ಬಗೆಯದು: ದಪ್ಪನೆಯ ಆಯಿಲ್ ಸುರಿದು, ಹೊಗೆ ಅಡಗಿದ ವಾರದಲ್ಲಿ ಯಾರಿಗಾದರೂ ದಾಟಿಸಿಬಿಡು ಎಂದು. "ಸರ್, ಮಾರಿಬಿಡ್ಲೇನ್ರಿ?" ಎಂದು ಅವನು ಕೇಳಿದ ಪ್ರಶ್ನೆಯಲ್ಲಿ ಯಂತ್ರಶಾಸ್ತ್ರಕ್ಕಿಂತ ಧರ್ಮಶಾಸ್ತ್ರವೇ ಹೆಚ್ಚಿತ್ತು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟಾಗ ಎಂಜಿನ್ ಮತ್ತು ಎಣ್ಣೆಯ ನಂಟಿನ ಇತಿಹಾಸವೇ ತೆರೆದುಕೊಂಡಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಕಥೆ ಆರಂಭವಾಗುವುದು ಉಗಿಯಂತ್ರದ ಕಾಲದಲ್ಲಿ. ಸಿಲಿಂಡರಿನೊಳಗೆ ಪಿಸ್ಟನ್ ಸರಾಗವಾಗಿ ಓಡಾಡಬೇಕು, ಆದರೆ ಪಕ್ಕದಿಂದ ಉಗಿ ಸೋರಿಹೋಗಬಾರದು. ಜೇಮ್ಸ್ ವಾಟ್‌ನ ಕಾಲದಲ್ಲಿ ಈ ಸಂದಿಗೆ ಸೆಣಬಿನಂಥ ನಾರನ್ನು ಕೊಬ್ಬಿನಲ್ಲಿ ನೆನೆಸಿ ತುರುಕುತ್ತಿದ್ದರು. 1852ರಲ್ಲಿ ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ ಒಂದು ಕಡೆ ಸೀಳಿದ ಲೋಹದ ಬಳೆಯನ್ನು ಪಿಸ್ಟನ್ನಿಗೆ ತೊಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಸೀಳು ಇರುವುದರಿಂದ ಬಳೆಯು ತನ್ನ ಸ್ಥಿತಿಸ್ಥಾಪಕತೆಯಿಂದಲೇ ಹೊರಕ್ಕೆ ಚಾಚಿ ಸಿಲಿಂಡರಿನ ಗೋಡೆಗೆ ಅಂಟಿಕೊಂಡಿರುತ್ತದೆ. ಇಂದು ನಾವು ಪಿಸ್ಟನ್ ರಿಂಗ್ ಎಂದು ಕರೆಯುವುದು ಇದನ್ನೇ. 1880ರ ದಶಕದ ಕೊನೆಗೆ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಬೆಳಗಾವಿ, ಖಾನಾಪುರ, ಲೋಂಡಾಗಳನ್ನು ಜೋಡಿಸಿದಾಗ, ನಮ್ಮ ಕಾಡುಗಳ ನಡುವೆ ಕೂಗುತ್ತ ಬಂದ ಉಗಿಬಂಡಿಯ ಹೊಟ್ಟೆಯಲ್ಲಿ ಇಂಥ ಬಳೆಗಳು ದುಡಿಯುತ್ತಿದ್ದವು.

ಪೆಟ್ರೋಲ್ ಎಂಜಿನ್ ಬಂದ ಮೇಲೆ ಸಮಸ್ಯೆ ಇಮ್ಮಡಿಯಾಯಿತು. ಮೇಲಿನ ಬೆಂಕಿ ಕೆಳಗಿಳಿಯಬಾರದು, ಕೆಳಗಿನ ಎಣ್ಣೆ ಮೇಲೇರಬಾರದು. ಮೊದಮೊದಲಿನ ಮೋಟಾರುಗಳಲ್ಲಿ ಎರಡನೆಯದನ್ನು ತಡೆಯುವ ಗೋಜಿಗೇ ಹೆಚ್ಚಾಗಿ ಹೋಗುತ್ತಿರಲಿಲ್ಲ. ತೊಟ್ಟಿಕ್ಕುವ ಎಣ್ಣೆ ತನ್ನ ಕೆಲಸ ಮುಗಿಸಿ ಉರಿದುಹೋಗುತ್ತಿತ್ತು, ಇಲ್ಲವೇ ರಸ್ತೆಗೆ ಸೋರುತ್ತಿತ್ತು. ಮೊದಲನೆಯ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನುಗಳಂತೂ ನಮ್ಮ ಅಜ್ಜಿಯರು ಮೂಗು ಹಿಡಿದು ಕುಡಿಸುತ್ತಿದ್ದ ಹರಳೆಣ್ಣೆಯನ್ನೇ ಬಳಸುತ್ತಿದ್ದವು. ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು, ಕಾವಿನಲ್ಲಿಯೂ ತನ್ನ ಜಿಗುಟನ್ನು ಬಿಟ್ಟುಕೊಡದು. ಆದ್ದರಿಂದಲೇ ಅದು ಅಂದಿನ ಪಂದ್ಯದ ಕಾರುಗಳಿಗೂ ಅಚ್ಚುಮೆಚ್ಚಾಯಿತು. ವೇಕ್‌ಫೀಲ್ಡ್ ಕಂಪನಿಯು 1909ರಲ್ಲಿ ಹೊರತಂದ ತೈಲಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟದ್ದು ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದಲೇ. ಆ ಕಾಲದಲ್ಲಿ ಎಣ್ಣೆ ಉರಿಯುವುದು ರೋಗವೆನಿಸಿರಲಿಲ್ಲ. ಅದು ಯಂತ್ರದ ಸ್ವಭಾವವೇ ಆಗಿತ್ತು.

ಈ ಯಂತ್ರಯುಗದೊಡನೆ ಬೆಳಗಾವಿಗೆ ಇರುವ ಸಂಬಂಧ ಹಲವರಿಗೆ ತಿಳಿಯದು. ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕೆಲವು ಕಾಲ ಮುಂಬಯಿಯ ತಾಂತ್ರಿಕ ಶಾಲೆಯಲ್ಲಿ ನನ್ನಂತೆಯೇ ಮೇಷ್ಟರಾಗಿದ್ದವರು. ಬೆಳಗಾವಿಯಲ್ಲಿ 1888ರಲ್ಲಿ ತೆರೆದ ಸೈಕಲ್ ಅಂಗಡಿಯಿಂದ ಕಿರ್ಲೋಸ್ಕರ್ ಬ್ರದರ್ಸ್ ಸಂಸ್ಥೆಯ ಚರಿತ್ರೆ ಆರಂಭವಾಗುತ್ತದೆ. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳು ಇಲ್ಲಿಯೇ ತಯಾರಾದವು. ಊರಿನ ವಿಸ್ತರಣೆಗಾಗಿ ಜಾಗ ತೆರವು ಮಾಡಬೇಕಾಗಿ ಬಂದುದರಿಂದ 1910ರಲ್ಲಿ ಅವರು ಔಂಧ ಸಂಸ್ಥಾನದ ಬಯಲಿಗೆ ಹೋಗಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಮುಂದೆ ಅದೇ ಮನೆತನದವರು 1941ರಲ್ಲಿ ಹರಿಹರದಲ್ಲಿ ಲೇಥ್ ತಯಾರಿಕೆಯನ್ನೂ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ತಯಾರಿಕೆಯನ್ನೂ ಆರಂಭಿಸಿದರು.

ಕಾರ್ಖಾನೆ ಹೋದರೂ ಕಸುಬು ಊರನ್ನು ಬಿಡಲಿಲ್ಲ. ತಿಲಕವಾಡಿಯ ರೈಲ್ವೆ ಗೇಟುಗಳನ್ನು ದಾಟಿ ಖಾನಾಪುರ ರಸ್ತೆಯಲ್ಲಿ ಸಾಗಿದರೆ ಉದ್ಯಮಬಾಗ ಸಿಗುತ್ತದೆ, ಅದರಾಚೆ ಮಚ್ಛೆ. ಎರಕದ ಫೌಂಡ್ರಿಗಳು, ಸಿಲಿಂಡರ್ ಬ್ಲಾಕುಗಳು, ಕ್ರ್ಯಾಂಕ್‌ಶಾಫ್ಟ್‌ಗಳು, ಹೈಡ್ರಾಲಿಕ್ ಉಪಕರಣಗಳು ಇವೆಲ್ಲ ಈ ಊರಿನ ಹೆಸರನ್ನು ದೂರದವರೆಗೆ ಒಯ್ದಿವೆ. ಅದೇ ರಸ್ತೆಯ ಮೇಲೆ 1979ರಲ್ಲಿ ಗೋಗಟೆ ತಾಂತ್ರಿಕ ವಿದ್ಯಾಲಯವೂ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಹುಟ್ಟಿಕೊಂಡದ್ದು ಕಸುಬಿಗೆ ಶಾಸ್ತ್ರ ಕೂಡಿಬಂದಂತಾಯಿತು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳ ತುದಿಯಿಂದಲೇ ಗುರುತಿಸುವ ಮಿಸ್ತ್ರಿಗಳು ಇಲ್ಲಿದ್ದಾರೆ. ಅವರಲ್ಲಿ ಕೆಲವರು ನನ್ನ ತರಗತಿಯ ಹಿಂದಿನ ಬೆಂಚುಗಳಲ್ಲಿ ಕುಳಿತವರೆಂಬುದು ನನಗೊಂದು ಸಂತೋಷ.

ಇನ್ನು ಎಣ್ಣೆ ಬೆಂಕಿಗೆ ಸೇರುವ ದಾರಿಗಳನ್ನು ನೋಡೋಣ. ಅವು ಮುಖ್ಯವಾಗಿ ಮೂರು.

ಮೊದಲನೆಯದು ರಿಂಗಿನ ದಾರಿ. ಪಿಸ್ಟನ್ನಿನ ಕೆಳಗಿನ ರಿಂಗ್ ಗೋಡೆಯ ಮೇಲಿನ ಎಣ್ಣೆಯನ್ನು ಬಳಿದು ಕೆಳಗೆ ಕಳಿಸುತ್ತದೆ. ಅದು ಸವೆದರೆ, ಅಥವಾ ಕರಿಕಟ್ಟಿ ತನ್ನ ಗಾಡಿಯಲ್ಲಿ ಸಿಕ್ಕಿಕೊಂಡರೆ, ಎಣ್ಣೆ ಮೇಲೇರುತ್ತದೆ. ಆಗ ಏರು ಹತ್ತುವಾಗ, ಎಂಜಿನ್ ಭಾರ ಎಳೆಯುವಾಗ ನೀಲಿ ಹೊಗೆ ಕಾಣುತ್ತದೆ.

ಎರಡನೆಯದು ವಾಲ್ವಿನ ದಾರಿ. ವಾಲ್ವ್ ದಂಡಿಗೆ ತೊಡಿಸಿದ ರಬ್ಬರ್ ಸೀಲ್ ಗಟ್ಟಿಯಾದರೆ ಎಣ್ಣೆ ಮೇಲಿನಿಂದ ಜಿನುಗುತ್ತದೆ. ಜಾಂಬೋಟಿ, ಕಣಕುಂಬಿಗಳನ್ನು ದಾಟಿ ಚೋರ್ಲಾ ಘಾಟ್ ಇಳಿಯುವ ಗೋವಾದ ದಾರಿಯನ್ನು ನೆನೆಯಿರಿ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲಿಯೇ ಇಳಿಯುವಾಗ ಎಂಜಿನ್ನಿನೊಳಗೆ ನಿರ್ವಾತ ಹೆಚ್ಚುತ್ತದೆ. ಸೀಲ್ ಸಡಿಲಿದ್ದರೆ ಆ ನಿರ್ವಾತ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಘಾಟ್ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದ ಕ್ಷಣ ಹಿಂದೆ ನೀಲಿ ಹೊಗೆಯ ಒಂದು ಮೋಡ ಏಳುತ್ತದೆ. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಚಾಲೂ ಆದಾಗ ಮಾತ್ರ ಹೊಗೆ ಬಿಡುವುದೂ ಇದೇ ದೋಷದ ಕುರುಹು.

ಮೂರನೆಯದು ಎಂಜಿನ್ನಿನ ಉಸಿರಾಟದ ದಾರಿ. ರಿಂಗನ್ನು ದಾಟಿ ಕೆಳಗಿಳಿದ ಅನಿಲವನ್ನು ಹಿಂದೆ ಒಂದು ಕೊಳವೆಯಿಂದ ರಸ್ತೆಗೇ ಬಿಡುತ್ತಿದ್ದರು. ವಾಯುಮಾಲಿನ್ಯದ ಚಿಂತೆಯಿಂದ 1960ರ ದಶಕದ ಆರಂಭದಲ್ಲಿ ಅಮೆರಿಕದ ಕಾರುಗಳಲ್ಲಿ ಆ ಅನಿಲವನ್ನು ಮತ್ತೆ ಎಂಜಿನ್ನಿಗೇ ಕುಡಿಸುವ ವ್ಯವಸ್ಥೆ ರೂಢಿಗೆ ಬಂದಿತು. ಅದರ ಕವಾಟ ಕೆಟ್ಟರೆ ಅನಿಲದೊಡನೆ ಎಣ್ಣೆಯೂ ಸಾಗಿಹೋಗುತ್ತದೆ.

ಈ ಮೂರರಲ್ಲಿ ಯಾವುದೆಂದು ತಿಳಿಯದೆ ಎಂಜಿನ್ ಬಿಚ್ಚುವುದು, ಹೊಟ್ಟೆನೋವಿಗೆಲ್ಲ ಶಸ್ತ್ರಚಿಕಿತ್ಸೆಯೇ ಮದ್ದೆಂದಂತೆ. ಸ್ಪೋರ್ಟ್ಸ್ ಕಾರುಗಳಲ್ಲಿ ಇದರ ಅಪಾಯ ಇನ್ನೂ ಹೆಚ್ಚು. ಅದಕ್ಕೆ ಕಾರಣ ಸಿಲಿಂಡರಿನ ಗೋಡೆ.

ಬೆಂಗಳೂರಿನ ಸಿಪಾನಿಯವರು 1982ರಲ್ಲಿ ಹೊರತಂದ ಡಾಲ್ಫಿನ್ ಕಾರನ್ನು ನಿಮ್ಮಲ್ಲಿ ಹಿರಿಯರು ನೋಡಿರಬಹುದು. ಬ್ರಿಟನ್ನಿನ ರಿಲಾಯಂಟ್ ಕಿಟನ್ ಕಾರಿನ ಮಾದರಿಯದು, ಫೈಬರ್ ಗ್ಲಾಸ್ ಮೈಯದು. ಪೇಟೆಯಲ್ಲಿ ಅದು ಗೆಲ್ಲಲಿಲ್ಲ. ಆದರೆ ಮೈಹಗುರ ಮತ್ತು ಹಿಂಗಾಲಿಯ ಚಾಲನೆಯಿಂದಾಗಿ ರ‍್ಯಾಲಿಯ ಹುಡುಗರಿಗೆ ಅದು ಪ್ರಿಯವಾಗಿತ್ತು. ಅದರ 848 ಸಿಸಿ ಎಂಜಿನ್ ಅಲ್ಯೂಮಿನಿಯಮ್‌ನದಾದರೂ ಒಳಗೆ ಬಿಡಿಯಾಗಿ ಕೂರಿಸಿದ ಲೈನರುಗಳಿದ್ದವು. ಸವೆದರೆ ಲೈನರ್ ತೆಗೆದು ಹೊಸದನ್ನು ಕೂರಿಸಬಹುದಿತ್ತು. ಎರಕದ ಕಬ್ಬಿಣದ ಬ್ಲಾಕನ್ನು ಬೋರ್ ಮಾಡಿಸಿ, ಹೋನಿಂಗ್ ಕಲ್ಲಿನಿಂದ ಗೀರುಗಳನ್ನು ಮೂಡಿಸಿ, ದಪ್ಪ ಪಿಸ್ಟನ್ ಹಾಕುವುದಂತೂ ಉದ್ಯಮಬಾಗದವರಿಗೆ ನೀರು ಕುಡಿದಷ್ಟು ಸಲೀಸು.

ಲೈನರನ್ನೇ ಕೈಬಿಟ್ಟು, ಸಿಲಿಕಾನ್ ಬೆರೆತ ಅಲ್ಯೂಮಿನಿಯಮ್ಮಿನ ಮೇಲೆಯೇ ಪಿಸ್ಟನ್ ಓಡಿಸುವ ವಿಧಾನ 1970ರ ದಶಕದಲ್ಲಿ ಕಾರುಗಳಲ್ಲಿ ಬಳಕೆಗೆ ಬಂದಿತು. 1971ನೆಯ ಮಾದರಿಯ ಅಮೆರಿಕದ ಷೆವ್ರೊಲೆ ವೆಗಾ ಕಾರಿನಲ್ಲಿ ಎಂಜಿನ್ ಕಾವೇರಿದರೆ ಗೋಡೆ ಕೆತ್ತಿಹೋಗುತ್ತಿತ್ತು, ಆಯಿಲ್ ಕುಡಿಯುವ ದೂರುಗಳು ಹಬ್ಬಿದವು. ಅದೇ ಬಗೆಯ ಮಿಶ್ರಲೋಹವನ್ನು 1977ರಲ್ಲಿ ಪೋರ್ಷೆ 928 ಕಾರಿಗೆ ಯಶಸ್ವಿಯಾಗಿ ಬಳಸಿದರು. ಇಂಥ ಗೋಡೆಯಲ್ಲಿ ಗಟ್ಟಿ ಸಿಲಿಕಾನ್ ಕಣಗಳು ಮೇಲೆದ್ದು ನಿಲ್ಲುವಂತೆ ವಿಶೇಷವಾಗಿ ಉಜ್ಜಬೇಕು. ಮಾಮೂಲಿ ಹೋನಿಂಗ್ ಕಲ್ಲು ತಾಗಿದರೆ ಕೆಲಸ ಕೆಟ್ಟಿತು. 1967ರ ಮಾಜ್ದಾ ಕಾಸ್ಮೋ ಸ್ಪೋರ್ಟ್ಸ್‌ನಂಥ ವಾಂಕೆಲ್ ಎಂಜಿನ್ನಿನ ಕಾರುಗಳದ್ದು ಮತ್ತೊಂದು ವಿಚಿತ್ರ. ಒಳಗಿನ ಸೀಲುಗಳು ಸವೆಯದಿರಲೆಂದು ಅವುಗಳಲ್ಲಿ ಎಣ್ಣೆಯನ್ನು ಬೇಕೆಂದೇ ಬೆಂಕಿಗೆ ಉಣಿಸುತ್ತಾರೆ.

ನನ್ನ ವಿದ್ಯಾರ್ಥಿಯ ಕಾರಿನದು ಲೈನರಿಲ್ಲದ ಅಲ್ಯೂಮಿನಿಯಮ್ ಬ್ಲಾಕು. ಅವನನ್ನು ಉದ್ಯಮಬಾಗದ ಒಬ್ಬ ಹಿರಿಯ ಮಿಸ್ತ್ರಿಯ ಬಳಿಗೆ ಕರೆದೊಯ್ದೆ. ಕೈಯಲ್ಲಿ ಪಾನಾ ಹಿಡಿಯುವ ಮೊದಲೇ ಅವರು ಹೇಳಿದ್ದು ಇಷ್ಟೇ: "ತಮ್ಮಾ, ಬಿಚ್ಚೂದು ಕಡೀಗೆ ಇರ್ಲಿ. ಮೊದ್ಲ ಒಂದು ವಹಿ ತಗೊಂಡು ಲೆಕ್ಕಾ ಇಡು."

ಲೆಕ್ಕವಿಡುವುದಕ್ಕೂ ಒಂದು ಶಿಸ್ತಿದೆ. ಸಮತಟ್ಟಾದ ಒಂದೇ ಜಾಗದಲ್ಲಿ, ಎಂಜಿನ್ ನಿಲ್ಲಿಸಿ ಪ್ರತಿಸಲವೂ ಅಷ್ಟೇ ಹೊತ್ತು ಕಾದು ಡಿಪ್‌ಸ್ಟಿಕ್ ನೋಡಬೇಕು. ಸುರಿದ ಆಯಿಲನ್ನು ಅಳತೆಯ ಪಾತ್ರೆಯಿಂದಲೇ ಸುರಿದು, ಓಡಿದ ಕಿಲೋಮೀಟರಿನೊಡನೆ ಬರೆಯಬೇಕು. ರಾತ್ರಿ ಕಾರಿನಡಿ ರಟ್ಟು ಹಾಸಿ ಹೊರಗೆ ಸೋರುತ್ತಿದೆಯೇ ಎಂದು ನೋಡಬೇಕು. ಮೇಲಿನ ಗೆರೆ ದಾಟಿ ತುಂಬಲೂಬಾರದು, ಹೆಚ್ಚಾದ ಆಯಿಲ್ ಕಡೆದು ನೊರೆಯಾಗಿ ಉಸಿರಾಟದ ಕೊಳವೆ ಸೇರುತ್ತದೆ. ಕೆಳಗಿನ ಗೆರೆಗಿಂತ ಇಳಿಯಲು ಬಿಡುವುದು ಇನ್ನೂ ಅಪಾಯ. ವೇಗದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆದರೆ, ಬೇರಿಂಗುಗಳು ಕ್ಷಣಗಳಲ್ಲಿ ಹಾಳಾಗುತ್ತವೆ.

ಸಾವಿರ ಕಿಲೋಮೀಟರಿನ ಲೆಕ್ಕ ಮುಗಿದಾಗ 1.1 ಲೀಟರ್ ಖರ್ಚಾಗಿತ್ತು. ದೂರು ನಿಜವೇ. ಆದರೆ ನಾಲ್ಕೂ ಸಿಲಿಂಡರುಗಳ ಒತ್ತಡ ಸರಿಸಮನಾಗಿತ್ತು. ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದಾಗ ಗೋಡೆಗಳಲ್ಲಿ ಗಾಯದ ಗುರುತಿರಲಿಲ್ಲ. ಬದಲಿಗೆ, ನಿಂತಲ್ಲೇ ಓಡುತ್ತಿರುವಾಗ ಎಂಜಿನ್ನಿನಿಂದ ಸಣ್ಣ ಸಿಳ್ಳೆಯೊಂದು ಕೇಳುತ್ತಿತ್ತು. ಆಯಿಲ್ ತುಂಬುವ ಮುಚ್ಚಳವನ್ನು ಯಾರೋ ಒಳಗಿನಿಂದ ಹಿಡಿದೆಳೆದಂತೆ ಬಿಗಿಯಾಗಿತ್ತು. ಉಸಿರಾಟದ ಕವಾಟದೊಳಗಿನ ತೆಳುವಾದ ರಬ್ಬರ್ ಪರದೆ ಹರಿದಿತ್ತು! ಕೆಲವು ಸಾವಿರ ರೂಪಾಯಿಗಳ ಭಾಗ ಬದಲಾಯಿತು. ಮುಂದಿನ ಸಾವಿರ ಕಿಲೋಮೀಟರಿಗೆ ಖರ್ಚಾದದ್ದು ಸುಮಾರು 300 ಮಿಲಿಲೀಟರ್.

ಆ 300 ಮಿಲಿಲೀಟರನ್ನೂ ನಿಲ್ಲಿಸಲಾಗದೇ ಎಂದು ಅವನು ಕೇಳಿದ. ಮೇಷ್ಟರ ಚಾಳಿಯಂತೆ ಲೆಕ್ಕವೊಂದನ್ನು ಕೊಟ್ಟೆ, ನೀವೂ ಮಾಡಿ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆಯೆಂದು ಇಟ್ಟುಕೊಳ್ಳೋಣ. ಒಂದು ಕಿಲೋಮೀಟರಿಗೆ 3000 ಸುತ್ತು. ನಾಲ್ಕು ಸಿಲಿಂಡರುಗಳಲ್ಲಿ ಪ್ರತಿಯೊಂದೂ ಎರಡು ಸುತ್ತಿಗೊಮ್ಮೆ ಉರಿಯುವುದರಿಂದ ಕಿಲೋಮೀಟರಿಗೆ 6000 ಸ್ಫೋಟ, ಸಾವಿರ ಕಿಲೋಮೀಟರಿಗೆ 60 ಲಕ್ಷ. ಒಂದು ಹನಿ ಎಂದರೆ 0.05 ಮಿಲಿಲೀಟರ್ ಎಂದು ಹಿಡಿದರೆ 300 ಮಿಲಿಲೀಟರಿನಲ್ಲಿ 6000 ಹನಿ. ಅಂದರೆ ಸಾವಿರ ಸ್ಫೋಟಗಳಿಗೆ ಒಂದೇ ಹನಿ! ಗೋಡೆಯ ಮೇಲೆ ಎಣ್ಣೆಯ ತೆಳುಪೊರೆ ಇರಲೇಬೇಕು. ಅದರಲ್ಲಿ ಲವಲೇಶ ಉರಿಯುವುದು ಅನಿವಾರ್ಯ. ನಾರು ತುರುಕಿದ ಕಾಲದಿಂದ ಈ ಹನಿಯ ಲೆಕ್ಕಕ್ಕೆ ಬಂದು ನಿಲ್ಲಲು ಎಷ್ಟು ತಲೆಮಾರುಗಳ ಕೈಗಳು ಬೇಕಾದವೆಂಬುದನ್ನು ಯೋಚಿಸಿರಿ.

ಅವನು ಕಾರನ್ನು ಮಾರಲಿಲ್ಲ. ಮುಂದೆಂದಾದರೂ ಮಾರುವುದಾದರೆ ಆ ವಹಿಯನ್ನೂ ಕೊಳ್ಳುವವನ ಕೈಗೆ ಕೊಡಬೇಕೆಂದು ಹೇಳಿದ್ದೇನೆ, ಒಪ್ಪಿಕೊಂಡಿದ್ದಾನೆ. ನಿಮ್ಮಲ್ಲಿ ಯಾರ ಗಾಡಿಯಾದರೂ ಆಯಿಲ್ ಕುಡಿಯುತ್ತಿದ್ದರೆ, ಕಾರೇ ಇರಲಿ, ಹೊಲದ ಪಂಪಿನ ಎಂಜಿನ್ನೇ ಇರಲಿ, ಮೊದಲು ಒಂದು ವಹಿ ಕೊಳ್ಳಿರಿ. ಹೊಗೆ ಯಾವಾಗ ಬರುತ್ತದೆ ಎಂಬುದನ್ನು ಅದರ ಮೊದಲ ಪುಟದಲ್ಲಿ ಬರೆದು, ಆಮೇಲೆ ಮಿಸ್ತ್ರಿಯ ಬಳಿಗೆ ಹೋಗಿರಿ.