ಸಾವಿರ ಯೆನ್ನಿನ ನೋಟೂ ಒಬ್ಬ ಕಲಾವಿದರೂ

ಜಪಾನಿಗೆ ಬಂದ ಹೊಸದರಲ್ಲಿ ಕೈಗೆ ಬಂದ ಯೆನ್ನನ್ನೆಲ್ಲ ರೂಪಾಯಿಗೆ ಗುಣಿಸಿ ನೋಡದವರು ನಮ್ಮಲ್ಲಿ ವಿರಳ. ಆ ಕಾಗದದ ಬೆಲೆಯನ್ನೇ ಪ್ರಶ್ನಿಸಿ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಬೇಕಾಗಿ ಬಂದ ಕಲಾವಿದರೊಬ್ಬರು ಈ ದೇಶದಲ್ಲಿದ್ದರು: ಅಕಾಸೆಗಾವಾ ಗೆನ್‌ಪೇ (1937–2014).

1960ರಲ್ಲಿ ಪ್ರಧಾನಿ ಇಕೆದಾ ಹಯಾತೊ ಅವರ ಸರಕಾರವು ರಾಷ್ಟ್ರೀಯ ವರಮಾನವನ್ನು ಹತ್ತು ವರ್ಷಗಳಲ್ಲಿ ಇಮ್ಮಡಿಗೊಳಿಸುವ ಯೋಜನೆಯನ್ನು ಸಾರಿತ್ತು. ಟೆಲಿವಿಷನ್ನು, ಬಟ್ಟೆ ಒಗೆಯುವ ಯಂತ್ರ, ರೆಫ್ರಿಜರೇಟರುಗಳು ಮನೆ ಹೊಕ್ಕ ಕಾಲವದು. 1963ರಲ್ಲಿ ಅಕಾಸೆಗಾವಾ ಸಾವಿರ ಯೆನ್ನಿನ ನೋಟಿನ ಒಂದೇ ಮುಖವನ್ನು, ಒಂದೇ ಬಣ್ಣದಲ್ಲಿ ಅಚ್ಚು ಹಾಕಿಸಿ, ತಮ್ಮ ಪ್ರದರ್ಶನದ ಆಮಂತ್ರಣವಾಗಿ ಕಳುಹಿಸಿದರು. ಅಂಥವೇ ಹಾಳೆಗಳಲ್ಲಿ ದಿನಬಳಕೆಯ ವಸ್ತುಗಳನ್ನು ಸುತ್ತಿಟ್ಟರು. ವಸ್ತು ಮರೆಯಾಗಿ ಬೆಲೆಯಷ್ಟೇ ಕಾಣುತ್ತದೆಂಬುದನ್ನು ಇದಕ್ಕಿಂತ ನೇರವಾಗಿ ತೋರಿಸಿದವರನ್ನು ನಾವು ಕಾಣೆವು.

ಪೊಲೀಸರಿಗೆ ಕಂಡದ್ದು ಬೇರೆ. ನಾಣ್ಯ, ನೋಟುಗಳ ಅನುಕರಣೆಯನ್ನು ನಿಷೇಧಿಸುವ ಹಳೆಯ ಕಾನೂನಿನಡಿ 1966ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯದಲ್ಲಿ ವಿಚಾರಣೆ ಆರಂಭವಾಯಿತು. ಸಾಕ್ಷ್ಯವೆಂದು ತಂದ ಕೃತಿಗಳಿಂದ ನ್ಯಾಯಾಲಯವೇ ಪ್ರದರ್ಶನಶಾಲೆಯಂತಾಯಿತು! (ಕಲೆ ಎಂದರೇನೆಂದು ನ್ಯಾಯಾಧೀಶರು ಕುಳಿತು ಕೇಳಬೇಕಾಯಿತು.) 1967ರ ತೀರ್ಪು ಅಪರಾಧವೆಂದೇ ಹೇಳಿ, ಮೂರು ತಿಂಗಳ ಶಿಕ್ಷೆಯನ್ನು ಅಮಾನತಿನಲ್ಲಿರಿಸಿತು. 1970ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಅಷ್ಟರಲ್ಲಿ, 1967ರಲ್ಲಿಯೇ, ಅಕಾಸೆಗಾವಾ ಇನ್ನೊಂದು ನೋಟು ಅಚ್ಚು ಹಾಕಿಸಿದ್ದರು. ಅದರ ಮುಖಬೆಲೆ ಸೊನ್ನೆ ಯೆನ್. ಬೇಕಾದವರು ನಿಜವಾದ 300 ಯೆನ್ ಕೊಟ್ಟು ಅದನ್ನು ಪಡೆಯಬೇಕಿತ್ತು.