ಸದ್ದು ಬಂದರೆ ಸಾಲದು: ರೇಡಿಯಾಗ್ರಫಿಯ ಅಲಾರಂ ಮತ್ತು ಅದರ ಪರೀಕ್ಷೆ ನಡೆದುಬಂದ ದಾರಿ

ಬೆಸುಗೆ ಹಾಕಿದ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದೆಯೇ, ಎರಕದ ಒಡಲಲ್ಲಿ ಗಾಳಿಗುಳ್ಳೆ ಉಳಿದಿದೆಯೇ ಎಂದು ಲೋಹವನ್ನು ಕತ್ತರಿಸದೆ ತಿಳಿಯಲು ಒಂದು ಬದಿಗೆ ವಿಕಿರಣದ ಮೂಲವನ್ನೂ ಇನ್ನೊಂದು ಬದಿಗೆ ಫಿಲ್ಮನ್ನೂ ಇಡುತ್ತಾರೆ. ತೈಲ ಶುದ್ಧೀಕರಣಾಗಾರ, ವಿದ್ಯುತ್ ಸ್ಥಾವರ, ಅನಿಲದ ಕೊಳವೆಮಾರ್ಗ, ಬೆಳಗಾವಿಯಂಥ ಊರುಗಳ ಎರಕದ ಉದ್ಯಮ ಎಲ್ಲವೂ ಈ ವಿಧಾನವನ್ನು ನಂಬಿಕೊಂಡಿವೆ. ಮೂಲ ಹೆಚ್ಚಾಗಿ ಇರಿಡಿಯಂ-192. ಕೆಲವೇ ಮಿಲಿಮೀಟರ್ ಉದ್ದದ ಲೋಹದ ಕೋಶದಲ್ಲಿ ಮುಚ್ಚಿಟ್ಟ ಅದು ಕೆಲಸವಿಲ್ಲದಾಗ 'ಕ್ಯಾಮೆರಾ' ಎಂದು ಕರೆಯುವ ಭಾರವಾದ ಪೆಟ್ಟಿಗೆಯೊಳಗೆ ಇರುತ್ತದೆ. ರೇಡಿಯಾಗ್ರಾಫರ್ ದೂರದಲ್ಲಿ ನಿಂತು ಹಿಡಿಕೆ ತಿರುಗಿಸಿದರೆ ಕೇಬಲ್ ಅದನ್ನು ಗೈಡ್ ಟ್ಯೂಬಿನ ತುದಿಗೆ ನೂಕುತ್ತದೆ. ಹಿಂದಕ್ಕೆ ತಿರುಗಿಸಿದರೆ ಮತ್ತೆ ಪೆಟ್ಟಿಗೆಗೆ ಸೇರಬೇಕು. ಅದು ಸೇರದಿದ್ದಾಗಲೇ ಅಪಾಯ. 50 ಕ್ಯೂರಿಯ, ಅಂದರೆ 1.85 ಟೆರಾಬೆಕೆರೆಲ್‌ನ ಇರಿಡಿಯಂ ಮೂಲ ಬಯಲಾಗಿ ಬಿದ್ದಿದ್ದರೆ ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 240 ಮಿಲಿಸೀವರ್ಟ್ ವಿಕಿರಣ ಇರುತ್ತದೆ. ಭಾರತದಲ್ಲಿ ವಿಕಿರಣ ಕೆಲಸಗಾರನಿಗೆ ನಿಗದಿಯಾದ ವಾರ್ಷಿಕ ಸರಾಸರಿ ಮಿತಿ 20 ಮಿಲಿಸೀವರ್ಟ್. ಅಲ್ಲಿ ಐದು ನಿಮಿಷ ನಿಂತರೆ ಅದು ಮುಗಿಯಿತು. ಕೈಗೆತ್ತಿಕೊಂಡರಂತೂ ಲೆಕ್ಕ ಸೆಕೆಂಡುಗಳಿಗೆ ಇಳಿಯುತ್ತದೆ. ಇಷ್ಟಾದರೂ ಆ ಗಳಿಗೆಯಲ್ಲಿ ಬಿಸಿಯಿಲ್ಲ, ಬೆಳಕಿಲ್ಲ, ವಾಸನೆಯಿಲ್ಲ. ಮನುಷ್ಯನಿಗೆ ಇಲ್ಲದ ಈ ಇಂದ್ರಿಯದ ಜಾಗದಲ್ಲಿ ಉಪಕರಣ ನಿಂತಿದೆ. ಆದ್ದರಿಂದ ಆ ಉಪಕರಣ ಬದುಕಿದೆಯೇ ಎಂದು ದಿನವೂ ಖಚಿತಪಡಿಸಿಕೊಳ್ಳುವುದು ಕೆಲಸದ ಹೊರಗಿನ ಔಪಚಾರಿಕತೆಯಲ್ಲ, ಕೆಲಸದ ಮೊದಲ ಭಾಗ. ಈ ಕ್ಷೇತ್ರದ ಚರಿತ್ರೆಯಲ್ಲಿ ಉಪಕರಣಗಳು ಬೇಗ ಬೆಳೆದವು, ಅವುಗಳನ್ನು ಪರೀಕ್ಷಿಸುವ ಕ್ರಮ ಮಾತ್ರ ಹಿಂದೆ ಉಳಿಯಿತು ಎಂಬುದು ನನ್ನ ವಾದ.

ಶುರುವಿನಲ್ಲಿ ಎಚ್ಚರಿಕೆ ಎಂಬುದೇ ಇರಲಿಲ್ಲ. ರಾಂಟ್‌ಗನ್ 1895ರಲ್ಲಿ ಎಕ್ಸ್ ಕಿರಣ ಕಂಡ ಮೇಲೆ ಲೋಹಗಳನ್ನೂ ಅದರಡಿ ಇಟ್ಟು ನೋಡುವ ಪ್ರಯತ್ನಗಳು ಬೇಗನೆ ನಡೆದವು. 1930ರ ಆಸುಪಾಸಿನಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಹ್ಲ್ ರೇಡಿಯಂ ಬಳಸಿ ದಪ್ಪ ಉಕ್ಕಿನ ಎರಕಗಳ ಚಿತ್ರ ತೆಗೆದರು. ಎರಡನೇ ಮಹಾಯುದ್ಧದ ನಂತರ ಪರಮಾಣು ರಿಯಾಕ್ಟರುಗಳಲ್ಲಿ ಕೋಬಾಲ್ಟ್-60, ಇರಿಡಿಯಂ-192 ಹೇರಳವಾಗಿ ತಯಾರಾದಾಗ ದುಬಾರಿ ರೇಡಿಯಂ ಹಿಂದೆ ಸರಿಯಿತು. ಹೊತ್ತೊಯ್ಯಬಲ್ಲ ಕ್ಯಾಮೆರಾ ಬಂತು, ರೇಡಿಯಾಗ್ರಫಿ ಕಾರ್ಖಾನೆಯ ಗೋಡೆ ದಾಟಿ ಬಯಲಿಗೆ ಇಳಿಯಿತು. ಆ ಕಾಲದ ಕೆಲಸಗಾರನ ಎದೆಯ ಮೇಲಿದ್ದದ್ದು ಮೈಗೆ ತಾಕಿದ ವಿಕಿರಣವನ್ನು ದಾಖಲಿಸುವ ಫಿಲ್ಮ್ ಬ್ಯಾಡ್ಜ್. ನಮ್ಮ ದೇಶದಲ್ಲಿ ಎಪ್ಪತ್ತರ ದಶಕದಿಂದ ಅದರ ಜಾಗಕ್ಕೆ ಟಿಎಲ್‌ಡಿ ಬ್ಯಾಡ್ಜ್ ಬಂತು. ಎರಡೂ ಹೇಳುವುದು ಆಗಿಹೋದ ಕತೆಯನ್ನು. ಪ್ರಯೋಗಾಲಯಕ್ಕೆ ಹೋಗಿ ವರದಿ ಬರುವ ಹೊತ್ತಿಗೆ ವಿಕಿರಣ ದೇಹ ಸೇರಿ ವಾರಗಳಾಗಿರುತ್ತವೆ. ಜೇಬಿಗೆ ಸಿಕ್ಕಿಸುವ ಪೆನ್ನಿನಾಕಾರದ ಡೋಸಿಮೀಟರ್ ಸ್ಥಳದಲ್ಲೇ ಅಳತೆ ತೋರಿಸುತ್ತದೆ ನಿಜ. ಆದರೆ ಅದನ್ನು ಕಣ್ಣಿಗೆ ಹಿಡಿದು ಓದಬೇಕೆಂಬ ನೆನಪು ಬರಬೇಕು. ಗೈಗರ್ ಮತ್ತು ಮ್ಯೂಲರ್ 1928ರಲ್ಲಿ ರೂಪಿಸಿದ ಕೊಳವೆಯನ್ನು ಆಧರಿಸಿದ ಸರ್ವೆ ಮೀಟರ್ ಸುತ್ತಲಿನ ವಿಕಿರಣದ ಮಟ್ಟವನ್ನು ಆ ಕ್ಷಣದಲ್ಲೇ ತೋರಿಸಿತು. ಪ್ರತಿ ಸಲ ಮೂಲ ಒಳಗೆ ಎಳೆದ ಮೇಲೆ ಮೀಟರ್ ಹಿಡಿದು ಕ್ಯಾಮೆರಾ ಹಾಗೂ ಗೈಡ್ ಟ್ಯೂಬಿನ ಉದ್ದಕ್ಕೂ ನೋಡುತ್ತಾ ಹೋಗಬೇಕು. ಇವತ್ತಿಗೂ ಇದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ.

ಆದರೆ ಅದನ್ನು ಮಾಡಿದರೆ ತಾನೆ? 1984ರಲ್ಲಿ ಮೊರಾಕೊದ ಮೊಹಮ್ಮದಿಯಾದಲ್ಲಿ ಸುಮಾರು 1.1 ಟೆರಾಬೆಕೆರೆಲ್‌ನ ಇರಿಡಿಯಂ ಮೂಲ ಕೇಬಲ್‌ನಿಂದ ಕಳಚಿ ನೆಲಕ್ಕೆ ಬಿತ್ತು. ದಾರಿಹೋಕ ಕೂಲಿಯೊಬ್ಬ ಅದೇನೋ ಲೋಹದ ತುಂಡೆಂದು ಮನೆಗೆ ಒಯ್ದ. ಎಂಟು ಜನ ಸತ್ತರು. ಸಾವಿಗೆ ಕಾರಣ ವಿಕಿರಣವೆಂಬ ಅನುಮಾನ ಹುಟ್ಟುವುದಕ್ಕೇ ಬಹಳ ಕಾಲ ಹಿಡಿಯಿತು. 1999ರ ಫೆಬ್ರವರಿಯಲ್ಲಿ ಪೆರುವಿನ ಯನಾಂಗೊ ಜಲವಿದ್ಯುತ್ ಕಾಮಗಾರಿಯಲ್ಲಿ ಬೆಸುಗೆಗಾರನೊಬ್ಬ ಅಂಥದೇ ಮೂಲವನ್ನು ಹೆಕ್ಕಿ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡು ಗಂಟೆಗಟ್ಟಲೆ ಕೆಲಸ ಮಾಡಿ ಮನೆಗೆ ಹೋದ. ಮೂಲ ಕಾಣೆಯಾಗಿದೆ ಎಂದು ತಿಳಿದದ್ದು ರಾತ್ರಿ ತೆಗೆದ ಫಿಲ್ಮ್ ಖಾಲಿ ಬಂದಾಗ. ಅವನ ಕಾಲು ಕತ್ತರಿಸಬೇಕಾಯಿತು. 2000ದಲ್ಲಿ ಈಜಿಪ್ಟಿನ ಮೀಟ್ ಹಲ್ಫಾ ಹಳ್ಳಿಯಲ್ಲಿ ಕೊಳವೆಯ ಬೆಸುಗೆ ಪರೀಕ್ಷೆಗೆ ತಂದು ಕಳೆದುಹೋದ ಮೂಲ ರೈತನೊಬ್ಬನ ಮನೆ ಸೇರಿ ಅವನನ್ನೂ ಮಗನನ್ನೂ ಬಲಿ ತೆಗೆದುಕೊಂಡಿತು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 1998ರಲ್ಲಿ ಈ ಬಗೆಯ ಅವಘಡಗಳ ಪಾಠಗಳನ್ನು ಒಟ್ಟುಗೂಡಿಸಿ ಪ್ರಕಟಿಸಿತು. ಅದರಲ್ಲಿ ಮತ್ತೆ ಮತ್ತೆ ಕಾಣುವ ಕಾರಣ ಒಂದೇ: ಮೂಲ ಒಳಗೆ ಬಂದಿದೆ ಎಂದು ನಂಬಿದರು, ಮೀಟರ್ ಹಿಡಿದು ನೋಡಲಿಲ್ಲ.

ಮನುಷ್ಯ ಮರೆಯುತ್ತಾನೆ ಎಂದು ಒಪ್ಪಿಕೊಂಡಾಗ ಹುಟ್ಟಿದ್ದು ಮೈಮೇಲೆ ಧರಿಸುವ ಅಲಾರಂ. ಅದನ್ನು ಓದಬೇಕಾಗಿಲ್ಲ, ನೆನೆಯಬೇಕಾಗಿಲ್ಲ. ವಿಕಿರಣದ ಮಟ್ಟ ಗೊತ್ತುಮಾಡಿದ ಗೆರೆ ದಾಟಿದ ಕೂಡಲೇ ಅದು ಕಿರುಚುತ್ತದೆ. ಅಮೆರಿಕದ ಪರಮಾಣು ನಿಯಂತ್ರಣ ಆಯೋಗ ತೊಂಬತ್ತರ ದಶಕದ ಆರಂಭದಲ್ಲಿ ಇದನ್ನು ಕಡ್ಡಾಯ ಮಾಡಿತು. ಅಲ್ಲಿನ ನಿಯಮದಂತೆ ಅಲಾರಂ ಗಂಟೆಗೆ 5 ಮಿಲಿಸೀವರ್ಟ್‌ಗೆ ಕೂಗಬೇಕು, ಆ ಮಟ್ಟವನ್ನು ಯಾರೆಂದರೆ ಅವರು ಬದಲಿಸುವಂತಿರಬಾರದು, 12 ತಿಂಗಳೊಳಗೆ ಒಮ್ಮೆ ಕ್ಯಾಲಿಬ್ರೇಷನ್ ಆಗಬೇಕು, ಆಗ ಶೇಕಡಾ 20ರ ಒಳಗೆ ನಿಖರವಾಗಿರಬೇಕು. ಮೇಲೆ ಹೇಳಿದ 50 ಕ್ಯೂರಿಯ ಮೂಲವನ್ನೇ ತೆಗೆದುಕೊಂಡರೆ, ಅದು ಬಯಲಲ್ಲಿ ಬಿದ್ದಿದ್ದಾಗ ಸುಮಾರು ಏಳು ಮೀಟರ್ ದೂರದಲ್ಲೇ ಈ ಅಲಾರಂ ಕೂಗುತ್ತದೆ. ತಿರುಗಿ ಓಡಲು ಏಳು ಮೀಟರ್ ಸಾಕು. ಒಂದು ಜೀವ ಉಳಿಸಲು ಇದಕ್ಕಿಂತ ಸರಳ ಏರ್ಪಾಡು ಕಷ್ಟ.

ಇನ್ನು ಪರೀಕ್ಷೆಯ ಮಾತು. ಅದೇ ನಿಯಮ ಪ್ರತಿ ಪಾಳಿಯ ಆರಂಭದಲ್ಲಿ ಅಲಾರಂ ಸರಿಯಾಗಿ ಕೆಲಸ ಮಾಡುತ್ತದೆಯೇ, ಅಂದರೆ ಸದ್ದು ಮಾಡುತ್ತದೆಯೇ ಎಂದು ನೋಡಬೇಕೆನ್ನುತ್ತದೆ. ಸದ್ದು ಕೇಳಲು ಟೆಸ್ಟ್ ಗುಂಡಿ ಒತ್ತಿದರೆ ಸಾಕು. ಆದರೆ ಗುಂಡಿ ಒತ್ತಿದಾಗ ಗೊತ್ತಾಗುವುದು ಬ್ಯಾಟರಿಯಲ್ಲಿ ಜೀವವಿದೆ, ಸ್ಪೀಕರ್ ಮುರಿದಿಲ್ಲ ಎಂಬುದಷ್ಟೇ. ಕಾವಲುಗಾರನಿಗೆ ಕಣ್ಣು ಕಾಣುತ್ತದೆಯೇ ಎಂದು ಕೇಳದೆ ಗಂಟಲು ಗಟ್ಟಿಯಿದೆಯೇ ಎಂದು ನೋಡಿ ಕಳಿಸಿದಂತೆ ಇದು. ಒಳಗಿನ ಗೈಗರ್ ಕೊಳವೆ ಕೆಳಗೆ ಬಿದ್ದು ಬಿರುಕು ಬಿಟ್ಟಿರಬಹುದು, ಅದರ ಅನಿಲ ಸೋರಿರಬಹುದು, ಅದಕ್ಕೆ ಬೇಕಾದ ಹೆಚ್ಚಿನ ವೋಲ್ಟೇಜ್ ಒದಗಿಸುವ ಸರ್ಕಿಟ್ ಮಳೆಯ ತೇವಕ್ಕೆ ಕೆಟ್ಟಿರಬಹುದು. ಹಲವು ಉಪಕರಣಗಳಲ್ಲಿ ಇದ್ಯಾವುದೂ ಗುಂಡಿಯ ಸದ್ದನ್ನು ನಿಲ್ಲಿಸುವುದಿಲ್ಲ. ವಿಚಿತ್ರವೆಂದರೆ, ಗೋಡೆ ಕಟ್ಟಿದ ಶಾಶ್ವತ ರೇಡಿಯಾಗ್ರಫಿ ಕೊಠಡಿಗಳ ವಿಷಯಕ್ಕೆ ಬಂದಾಗ ಅದೇ ಅಮೆರಿಕದ ನಿಯಮ ಕಟ್ಟುನಿಟ್ಟಾಗಿದೆ: ಕೊಠಡಿ ಬಳಸುವ ಪ್ರತಿ ದಿನ, ಕೆಲಸಕ್ಕೆ ಮುನ್ನ, ಅಲಾರಂ ವ್ಯವಸ್ಥೆಯನ್ನು ವಿಕಿರಣದ ಮೂಲವನ್ನೇ ಬಳಸಿ ಪರೀಕ್ಷಿಸಬೇಕು, ದೀಪವನ್ನೂ ಸದ್ದನ್ನೂ ಎರಡನ್ನೂ ನೋಡಬೇಕು, ಕೆಟ್ಟಿದ್ದರೆ ಹಾಗೆಂದು ಫಲಕ ಹಾಕಿ ಏಳು ದಿನದೊಳಗೆ ಸರಿಪಡಿಸಬೇಕು. ಗೋಡೆ, ಬಾಗಿಲು, ಬೀಗ ಎಲ್ಲ ಇರುವ ಕಡೆ ವಿಕಿರಣ ತೋರಿಸಿ ಪರೀಕ್ಷೆ. ಹಗ್ಗವೊಂದನ್ನೇ ಸುತ್ತ ಕಟ್ಟಿಕೊಂಡು ದುಡಿಯುವವನ ಮೈಮೇಲಿನ ಅಲಾರಂಗೆ ಸದ್ದಿನ ಪರೀಕ್ಷೆ. ಈ ಅಂತರಕ್ಕೆ ನ್ಯಾಯವಾದ ಕಾರಣ ನನಗೆ ಕಾಣುವುದಿಲ್ಲ.

ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ ಇದೆಯಲ್ಲ, ಅಲ್ಲಿ ವಿಕಿರಣ ತೋರಿಸಿಯೇ ನೋಡುತ್ತಾರಲ್ಲ ಎಂದು ಕೇಳಬಹುದು. ನೋಡುತ್ತಾರೆ, ಮತ್ತು ಅದು ಬೇಕೇ ಬೇಕು. ಆದರೆ ಎರಡರ ಕೆಲಸ ಬೇರೆ. ಕ್ಯಾಲಿಬ್ರೇಷನ್ ಹೇಳುವುದು ಅಳತೆ ಎಷ್ಟು ನಿಖರ ಎಂದು. ದಿನದ ಪರೀಕ್ಷೆ ಹೇಳಬೇಕಾದದ್ದು ಉಪಕರಣ ವಿಕಿರಣವನ್ನು ಗ್ರಹಿಸುತ್ತದೆಯೋ ಇಲ್ಲವೋ ಎಂದು. ಎರಡು ಕ್ಯಾಲಿಬ್ರೇಷನ್‌ಗಳ ನಡುವೆ ಯಾವುದೋ ಒಂದು ದಿನ ಕೊಳವೆ ಸತ್ತರೆ, ಸರಾಸರಿ ಆರು ತಿಂಗಳು ಸತ್ತ ಅಲಾರಂ ಕಟ್ಟಿಕೊಂಡು ಮನುಷ್ಯ ಓಡಾಡುತ್ತಾನೆ. ಪ್ರತಿ ಪಾಳಿಗೆ ವಿಕಿರಣ ತೋರಿಸಿ ನೋಡಿದರೆ ಆ ಅವಧಿ ಒಂದು ಪಾಳಿಗೆ ಇಳಿಯುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ದಿನವೂ ಪರೀಕ್ಷೆಗೆ ವಿಕಿರಣ ಎಲ್ಲಿಂದ ತರುವುದು? ಕ್ಯಾಮೆರಾದ ಹೊರಮೈಯಲ್ಲಿ ಗಂಟೆಗೆ 2 ಮಿಲಿಸೀವರ್ಟ್‌ಗಿಂತ ಹೆಚ್ಚು ಇರಬಾರದೆಂಬುದು ನಿಯಮ; 5ಕ್ಕೆ ಕೂಗುವ ಅಲಾರಂ ಅದನ್ನು ಮುಟ್ಟಿಸಿದರೂ ಕೂಗದು. ಬಯಲಾದ ಮೂಲದ ಹತ್ತಿರ ಹೋಗಿ ಪರೀಕ್ಷಿಸುವುದಂತೂ ಹುಚ್ಚುತನ. ಟೆಸ್ಟ್ ಗುಂಡಿ ರೂಢಿಗೆ ಬಂದದ್ದರ ಹಿಂದೆ ಈ ತೊಡಕೂ ಇದ್ದೀತು ಎಂದು ನಾನು ಭಾವಿಸುತ್ತೇನೆ. ಇದಕ್ಕೆ ಪರಿಹಾರ ಉಪಕರಣದ ವಿನ್ಯಾಸದಲ್ಲಿದೆ. ಗೆರೆ ದಾಟಿದಾಗ ಮಾತ್ರ ಬಾಯಿ ತೆರೆಯುವ ಅಲಾರಂಗಿಂತ, ಕಡಿಮೆ ವಿಕಿರಣಕ್ಕೂ ನಿಧಾನವಾಗಿ ಟಿಕ್ ಎನ್ನುತ್ತ, ಮಟ್ಟ ಏರಿದಂತೆ ಬೇಗ ಬೇಗ ಟಿಕ್‌ಗುಟ್ಟುವ, ಅಥವಾ ಪರದೆಯ ಮೇಲೆ ಅಂಕಿ ತೋರಿಸುವ ಉಪಕರಣ ಮೇಲು. ಅದನ್ನು ಬೀಗ ಹಾಕಿದ ಕ್ಯಾಮೆರಾದ ಪಕ್ಕ ಕೆಲವು ಸೆಕೆಂಡು ಹಿಡಿದರೆ ಕೊಳವೆ ಬದುಕಿದೆ ಎಂದು ಖಚಿತ. ಗುಂಡಿ ಒತ್ತಿದರೆ ಸದ್ದೂ ಖಚಿತ. ಎರಡೂ ಸೇರಿ ಒಂದು ಪೂರ್ಣ ಪರೀಕ್ಷೆ. ಅಲ್ಪ ಶಕ್ತಿಯ ಸೀಸಿಯಂ ಪರೀಕ್ಷಾ ಮೂಲವನ್ನು ಸಂಗ್ರಹ ಕೊಠಡಿಯಲ್ಲಿಟ್ಟು, ಹೊರಡುವ ಮುನ್ನ ಪ್ರತಿ ಉಪಕರಣವನ್ನೂ ಅದಕ್ಕೆ ಒಂದೇ ದೂರದಲ್ಲಿ ಹಿಡಿದು ಬಂದ ಅಂಕಿಯನ್ನು ಬರೆದಿಡುವುದು ಇನ್ನೂ ಒಳ್ಳೆಯದು. ನಿನ್ನೆಯ ಅಂಕಿಗೂ ಇವತ್ತಿನದಕ್ಕೂ ದೊಡ್ಡ ವ್ಯತ್ಯಾಸ ಕಂಡರೆ ಆ ಉಪಕರಣ ಸೈಟಿಗೆ ಹೋಗಬಾರದು.

ಹೊಸ ಎಲೆಕ್ಟ್ರಾನಿಕ್ ಡೋಸಿಮೀಟರುಗಳು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ, ಮನುಷ್ಯನ ಕೈ ಯಾಕೆ ಎಂಬ ಮಾತೂ ಇದೆ. ಇವುಗಳಲ್ಲಿ ಕೆಲವು ನಿಸರ್ಗದ ಹಿನ್ನೆಲೆ ವಿಕಿರಣದ ಎಣಿಕೆ ಸ್ವಲ್ಪ ಹೊತ್ತು ಬಾರದಿದ್ದರೆ ತಾವಾಗಿಯೇ ದೋಷ ಸೂಚಿಸುತ್ತವೆ. ಇದು ನಿಜವಾದ ಮುನ್ನಡೆ. ಆದರೆ ಅದು ಹಿಡಿಯುವುದು ಪೂರ್ತಿ ಸತ್ತ ಕೊಳವೆಯನ್ನು. ಸಂವೇದನೆ ಅರ್ಧಕ್ಕಿಳಿದದ್ದನ್ನು ಅಷ್ಟು ಸುಲಭವಾಗಿ ಹಿಡಿಯದು. ಗೈಗರ್ ಕೊಳವೆಗೆ ಇನ್ನೊಂದು ಹಳೆಯ ದೌರ್ಬಲ್ಯವಿದೆ. ಒಂದು ಕಣವನ್ನು ಎಣಿಸಿದ ಮೇಲೆ ಸುಮಾರು ನೂರು ಮೈಕ್ರೋಸೆಕೆಂಡು ಅದು ಕುರುಡು. ವಿಕಿರಣ ಅತಿಯಾದಾಗ ಈ ಕುರುಡು ಗಳಿಗೆಗಳೇ ಒಂದಕ್ಕೊಂದು ಸೇರಿ, ಸರಿಯಾಗಿ ರೂಪಿಸದ ಉಪಕರಣ ಅಂಕಿಯನ್ನು ಏರಿಸುವ ಬದಲು ಇಳಿಸಿಬಿಡಬಹುದು. ಚೆನ್ನಾಗಿ ರೂಪಿಸಿದವು ಮಿತಿ ಮೀರಿದಾಗ ಕೂಗುತ್ತಲೇ ಇರುತ್ತವೆ. ಆ ಗುಣ ಇದೆಯೇ ಎಂದು ಕೊಳ್ಳುವಾಗ ಹಾಗೂ ಕ್ಯಾಲಿಬ್ರೇಷನ್‌ನಲ್ಲಿ ಕೇಳಿ ತಿಳಿಯಬೇಕು. ನ್ಯಾನೋಸೆಕೆಂಡುಗಳ ಮಿಡಿತದಲ್ಲಿ ಎಕ್ಸ್ ಕಿರಣ ಉಗುಳುವ ಯಂತ್ರಗಳ ಬಳಿಯಂತೂ ಕೊಳವೆ ಒಂದು ಮಿಡಿತಕ್ಕೆ ಒಂದನ್ನಷ್ಟೇ ಎಣಿಸಬಲ್ಲದು. ಸೀಸಿಯಂ ಮೂಲದ ಮುಂದೆ ಪಾಸಾದ ಅಲಾರಂ ಅಲ್ಲಿಯೂ ಸರಿ ಎಂದು ಹೇಳಲು ಬರುವುದಿಲ್ಲ.

ಅಲಾರಂ ಎರಡನೇ ರಕ್ಷಣೆ, ಮೊದಲನೆಯದು ಸರ್ವೆ ಮೀಟರ್. ಎರಡನೆಯದರ ಬಗ್ಗೆ ಇಷ್ಟು ತಲೆಕೆಡಿಸಿಕೊಂಡರೆ ಮೊದಲನೆಯದು ಸಡಿಲವಾಗುತ್ತದೆ ಎಂದು ಹೇಳುವವರ ಆತಂಕದಲ್ಲಿ ಸತ್ಯವಿದೆ. ಅಲಾರಂ ಇದೆಯಲ್ಲ ಎಂದು ಮೀಟರನ್ನು ಗಾಡಿಯಲ್ಲೇ ಬಿಡುವವರನ್ನು ನಿಯಮ ಕ್ಷಮಿಸಬಾರದು. ಆದರೆ ಅಲಾರಂ ಬೇಕಾಗುವುದೇ ಮೀಟರ್ ಹಿಡಿಯಲು ಮರೆತ ಗಳಿಗೆಯಲ್ಲಿ. ಮೊದಲ ರಕ್ಷಣೆ ತಪ್ಪಿದಾಗ ಮಾತ್ರ ಎರಡನೆಯದರ ಸರದಿ ಬರುತ್ತದೆ. ಆಗ ಅದೂ ಸತ್ತಿದ್ದರೆ ಮೂರನೆಯದು ಇಲ್ಲ.

ಕೂಗದ ಅಲಾರಂನಷ್ಟೇ ಅಪಾಯ ಸುಮ್ಮನೆ ಕೂಗುವ ಅಲಾರಂನಲ್ಲಿದೆ. ಇದಕ್ಕೆ ಬಲವಾದ ಸಾಕ್ಷ್ಯ ಸಿಗುವುದು ರೇಡಿಯಾಗ್ರಫಿಯ ನೆರೆಯ ಕ್ಷೇತ್ರಗಳಲ್ಲಿ. 1990ರ ಜೂನ್‌ನಲ್ಲಿ ಇಸ್ರೇಲಿನ ಸೊರೆಕ್‌ನ ಕೋಬಾಲ್ಟ್ ವಿಕಿರಣ ಸ್ಥಾವರದಲ್ಲಿ ಮೂಲ ಮೇಲೆಯೇ ಸಿಕ್ಕಿಕೊಂಡಿತ್ತು. ಫಲಕ 'ಮೂಲ ಕೆಳಗಿದೆ' ಎನ್ನುತ್ತಿತ್ತು, ವಿಕಿರಣದ ಅಲಾರಂ ಕೂಗುತ್ತಿತ್ತು. ನಿರ್ವಾಹಕ ಫಲಕವನ್ನು ನಂಬಿ ಅಲಾರಂನ ಬಾಯಿ ಮುಚ್ಚಿಸಿ ಒಳಗೆ ಹೋದ; 36 ದಿನಗಳ ಮೇಲೆ ಸತ್ತ. 1992ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕ್ಯಾನ್ಸರ್ ಚಿಕಿತ್ಸಾ ಕೇಂದ್ರವೊಂದರಲ್ಲಿ ಇರಿಡಿಯಂ ಮೂಲ ತುಂಡಾಗಿ ರೋಗಿಯ ದೇಹದಲ್ಲೇ ಉಳಿಯಿತು. ಗೋಡೆಯ ಅಲಾರಂ ಎಚ್ಚರಿಸಿತು. ಈ ಹಿಂದೆಯೂ ಅದು ಕೆಟ್ಟು ತೊಂದರೆ ಕೊಟ್ಟಿದ್ದರಿಂದ ಸಿಬ್ಬಂದಿ ಅದನ್ನು ನಂಬಲಿಲ್ಲ, ಕೈಮೀಟರ್ ತಂದು ನೋಡಲಿಲ್ಲ. ರೋಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಎರಡೂ ಕಡೆ ಉಪಕರಣ ನಿಜ ಹೇಳಿತ್ತು. ಕೆಟ್ಟ ಅಲಾರಂ ಅನ್ನು ಸರಿಪಡಿಸದೆ ಹಾಗೆಯೇ ಬಳಸುತ್ತಾ ಹೋದರೆ, ಅದು ಸರಿಯಾಗಿ ಕೂಗಿದ ದಿನವೂ ಯಾರೂ ಕಿವಿಗೊಡುವುದಿಲ್ಲ. ಹೀಗಾಗಿ ಪರೀಕ್ಷೆ ಎಂದರೆ ಕೂಗಬೇಕಾದಾಗ ಕೂಗುತ್ತದೆಯೇ ಎಂಬುದರ ಜೊತೆಗೆ, ಸುಮ್ಮನಿರಬೇಕಾದಾಗ ಸುಮ್ಮನಿರುತ್ತದೆಯೇ ಎಂಬುದೂ ಹೌದು. ಕಂಪ್ರೆಸರ್, ಗ್ರೈಂಡರುಗಳ ಗದ್ದಲದಲ್ಲಿ, ಕಿವಿಗೆ ಮುಚ್ಚಿಗೆ ಹಾಕಿಕೊಂಡವನಿಗೆ ಆ ಸದ್ದು ಕೇಳುತ್ತದೆಯೇ ಎಂಬುದು ಕೂಡ. ಕೇಳದಿದ್ದರೆ ಕಂಪನ ಇಲ್ಲವೇ ದೀಪ ಇರುವ ಉಪಕರಣ ಬೇಕು.

ಭಾರತದಲ್ಲಿ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮೇಲ್ವಿಚಾರಣೆ, 2004ರ ವಿಕಿರಣ ರಕ್ಷಣಾ ನಿಯಮಗಳು ಈ ಕೆಲಸಕ್ಕೆ ಚೌಕಟ್ಟು ಹಾಕಿವೆ. ತರಬೇತಿ ಪಡೆದ ರೇಡಿಯಾಗ್ರಾಫರ್, ವಿಕಿರಣ ಸುರಕ್ಷತಾ ಅಧಿಕಾರಿ ಇಲ್ಲದೆ ಕೆಲಸ ನಡೆಯುವಂತಿಲ್ಲ. ಚೌಕಟ್ಟು ಎಷ್ಟೇ ಚೆನ್ನಾಗಿದ್ದರೂ ರಾತ್ರಿಪಾಳಿಯಲ್ಲಿ, ನಾಳೆ ಬೆಳಿಗ್ಗೆಗೆ ಇಷ್ಟು ಜಾಯಿಂಟ್‌ಗಳ ಫಿಲ್ಮ್ ಬೇಕೆಂದು ಗುತ್ತಿಗೆದಾರ ಒತ್ತಾಯಿಸುವಾಗ, ಪರೀಕ್ಷೆ ನಡೆಯುವುದು ಅದಕ್ಕೆ ಸಮಯ ಕೊಟ್ಟಿದ್ದರೆ ಮಾತ್ರ. ಕೆಲಸದ ವೇಳಾಪಟ್ಟಿಯಲ್ಲೇ ಪರೀಕ್ಷೆಯ ಹತ್ತು ನಿಮಿಷ ಸೇರಿರಬೇಕು.

ಪಾಳಿಯ ಕೊನೆಯ ಪರೀಕ್ಷೆಗೆ ಆರಂಭದ್ದಕ್ಕಿಂತ ಹೆಚ್ಚು ಬೆಲೆ ಕೊಡಬೇಕೆಂದು ನನ್ನ ಒತ್ತಾಯ. ಮೊಹಮ್ಮದಿಯಾ, ಯನಾಂಗೊ, ಮೀಟ್ ಹಲ್ಫಾಗಳಲ್ಲಿ ಮೂಲವನ್ನು ಕೈಗೆತ್ತಿಕೊಂಡವರ ಮೈಮೇಲೆ ಯಾವ ಅಲಾರಂ ಕೂಡ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ರೇಡಿಯಾಗ್ರಾಫರ್ ಸ್ಥಳ ಬಿಡುವ ಮುನ್ನ ಮೂಲ ಒಳಗಿದೆ ಎಂದು ಅಳೆದು ನೋಡುವುದೇ ಅಂಥವರಿಗಿರುವ ಒಂದೇ ರಕ್ಷಣೆ. ನಡುವೆ ಕೆಟ್ಟುಹೋದ ಮೀಟರ್ ಪಾಳಿ ಮುಗಿದಾಗ ಎಲ್ಲ ಕಡೆ ಸೊನ್ನೆ ತೋರಿಸುತ್ತದೆ, ದಣಿದ ಕಣ್ಣಿಗೆ ಸೊನ್ನೆ ಕ್ಷೇಮವಾಗಿ ಕಾಣುತ್ತದೆ. ಆದರೆ ಮೂಲ ಒಳಗಿರುವ ಕ್ಯಾಮೆರಾದ ಮೈಯಲ್ಲಿ ಸೊನ್ನೆ ಬರುವುದಿಲ್ಲ; ಬೀಗದ ಬಳಿ, ಮುಂದಿನ ಬಾಯಿಯ ಬಳಿ ಒಂದು ಗೊತ್ತಾದ ಅಂಕಿ ಬರಲೇಬೇಕು. ಯುರೇನಿಯಂ ಕವಚವಿದ್ದರೆ ಖಾಲಿ ಕ್ಯಾಮೆರಾ ಕೂಡ ಸ್ವಲ್ಪ ತೋರಿಸುವುದರಿಂದ, ಕೇವಲ ಮುಳ್ಳು ಅಲುಗಿತು ಎಂದರೆ ಸಾಲದು. ಬೆಳಿಗ್ಗೆ ಅದೇ ಜಾಗದಲ್ಲಿ ಬರೆದುಕೊಂಡ ಅಂಕಿಯೊಂದಿಗೆ ಹೋಲಿಸಬೇಕು. ಅದಕ್ಕಿಂತ ಕಡಿಮೆ ಬಂದರೆ ಒಂದೋ ಮೀಟರ್ ಸತ್ತಿದೆ, ಇಲ್ಲವೇ ಮೂಲ ಒಳಗಿಲ್ಲ. ಎರಡನೇ ಮೀಟರ್ ತರಿಸಿ ಇವೆರಡರಲ್ಲಿ ಯಾವುದೆಂದು ತಿಳಿಯುವವರೆಗೆ ಸುತ್ತಲಿನ ಹಗ್ಗ ಬಿಚ್ಚಬಾರದು, ಯಾರನ್ನೂ ಒಳಗೆ ಬಿಡಬಾರದು.